ಚಾರ್ಜರ್ ದುಡ್ಡು ನನಗೆ ವಾಪಸ್ ಬಂತು, ಸರಿ. ಸಬ್ಸಿಡಿ ದುಡ್ಡಿನ ಲೆಕ್ಕ ಯಾರ ಹತ್ರ ಇದೆ?

ಸ್ಕೂಟರ್ ಸೀನ
ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. 2022ರಲ್ಲಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ, ಕಂಪನಿ ಹೆಸ್ರು ಬೇಡ ಬಿಡಿ. ಶೋರೂಮಲ್ಲಿ ಗಾಡಿಗೆ ಒಂದು ಬಿಲ್ಲು, ಚಾರ್ಜರ್‌ಗೆ ಬೇರೆ ಬಿಲ್ಲು. ಚಾರ್ಜರ್ ಇಲ್ದೆ ಇದನ್ನ ತಗೊಂಡೋಗಿ ದೇವ್ರ ಮನೇಲಿ ಇಟ್ಕೊಳ್ಲಾ ಅಂತ ಕೇಳ್ದೆ, ಆ ಹುಡ್ಗ ನಕ್ಕು "ಎಲ್ರಿಗೂ ಹಂಗೇ ಸಾರ್" ಅಂದ. ಮುಂದಿನ ವರ್ಷ ಇದ್ದಕ್ಕಿದ್ದಂಗೆ ಮೆಸೇಜು, ನಿಮ್ಮ ಚಾರ್ಜರ್ ದುಡ್ಡು ವಾಪಸ್ ಕೊಡ್ತೀವಿ ಬ್ಯಾಂಕ್ ಡೀಟೇಲ್ಸ್ ಹಾಕಿ ಅಂತ. ನಾನು ಇದ್ಯಾವ್ದೋ ಫ್ರಾಡು ಅನ್ಕೊಂಡು ಡಿಲೀಟ್ ಮಾಡ್ದೆ, ಆಫೀಸಲ್ಲಿ ಪಕ್ಕದವ್ನಿಗೂ ಬಂದಿತ್ತು, ಅವ್ನು ಧೈರ್ಯ ಮಾಡಿ ಹಾಕ್ದ, ದುಡ್ಡು ಬಂತು, ಆಮೇಲೆ ನಾನೂ ಹಾಕ್ದೆ. ಹದಿನೈದು ಸಾವಿರ ಚಿಲ್ರೆ. ಮನೇಲಿ ಹೊಸ ಮಿಕ್ಸಿ ಬಂತು.

ಖುಷಿ ಇಳಿದ ಮೇಲೆ ತಲೇಲಿ ಹುಳ ಕೊರೆಯೋಕೆ ಶುರು. ಯಾವ ಕಂಪನಿ ಸುಮ್ನೆ ದುಡ್ಡು ವಾಪಸ್ ಕೊಡತ್ತೆ? ಹುಡುಕಿ ಓದಿದ್ರೆ ಕತೆ ಹಿಂಗಿದೆ. ಎಲೆಕ್ಟ್ರಿಕ್ ಗಾಡಿಗೆ ಸಬ್ಸಿಡಿ ಕೊಡೋ ಕೇಂದ್ರದ ಫೇಮ್-2 ಸ್ಕೀಮು 2019ರ ಏಪ್ರಿಲ್‌ನಲ್ಲಿ 10,000 ಕೋಟಿ ಇಟ್ಕೊಂಡು ಶುರುವಾಗಿದ್ದು. 2021ರ ಜೂನಲ್ಲಿ ಟೂ ವೀಲರ್ ಸಬ್ಸಿಡಿ ಒಂದು ಕಿಲೋವ್ಯಾಟ್ ಅವರ್ ಬ್ಯಾಟರಿಗೆ 10,000ದಿಂದ 15,000ಕ್ಕೆ ಏರ್ಸಿದ್ರು, ಗಾಡಿ ರೇಟಿನ 40 ಪರ್ಸೆಂಟ್ ತನಕ. ಆದ್ರೆ ಒಂದು ಕಂಡೀಷನ್, ಫ್ಯಾಕ್ಟರಿ ರೇಟು ಒಂದೂವರೆ ಲಕ್ಷ ದಾಟಬಾರ್ದು. ದಾಟಿದ್ರೆ ಸಬ್ಸಿಡಿ ಇಲ್ಲ. ಅದಕ್ಕೇ ಚಾರ್ಜರ್ ಒಂದ್ಕಡೆ, ಸಾಫ್ಟ್‌ವೇರ್ ಒಂದ್ಕಡೆ ಬಿಲ್ ಮಾಡಿ ಗಾಡಿ ರೇಟು ಕೆಳಗೆ ತೋರ್ಸಿದ್ದಾರೆ ಅಂತ ದೂರು ಆಯ್ತು. 2023ರ ಮೇ ತಿಂಗ್ಳಲ್ಲಿ ಓಲಾ, ಏಥರ್, ಟಿವಿಎಸ್, ಹೀರೋ ವಿಡಾ ನಾಲ್ಕೂ ಚಾರ್ಜರ್ ದುಡ್ಡು ಗಿರಾಕಿಗಳಿಗೆ ವಾಪಸ್ ಕೊಡ್ತೀವಿ ಅಂತ ಒಪ್ಕೊಂಡ್ವು. ಪೇಪರಲ್ಲಿ ಬಂದ ಲೆಕ್ಕ ಎಲ್ಲಾ ಸೇರಿ 280-290 ಕೋಟಿ.

ಈಗ ನನ್ನ ಪ್ರಶ್ನೆ. ಸಬ್ಸಿಡಿ ಕ್ಲೇಮ್ ಆಗಿದ್ದು ನನ್ನ ಹೆಸ್ರಲ್ಲಿ. ನನ್ನ ಐಡಿ ಕಾಪಿ ತಗೊಂಡು, ನನ್ನ ಬಿಲ್ ಅಪ್‌ಲೋಡ್ ಮಾಡಿ, ದುಡ್ಡು ಕಂಪನಿ ಅಕೌಂಟಿಗೆ. ಅಂದ್ರೆ ಕಾಗದದ ಮೇಲೆ ಫಲಾನುಭವಿ ನಾನು. ಕಂಪನಿ ಕಂಡೀಷನ್ ಪಾಲಿಸ್ತಾ ಇಲ್ವಾ ಅಂತ ನನಗೆ ಹೇಳೋರು ಯಾರು? ಇಂಥ ಕಂಪನಿಗೆ ಇಷ್ಟು ಕೊಟ್ವಿ, ಇದಕ್ಕೋಸ್ಕರ ಕೊಟ್ವಿ, ಅವ್ರು ಇಷ್ಟು ಮಾಡಿದ್ರು ಅಂತ ಮೂರು ಕಾಲಮ್ ಇರೋ ಒಂದು ಲಿಸ್ಟು ನನ್ನಂಥ ಮಾಮೂಲಿ ಮನುಷ್ಯನಿಗೆ ಎಲ್ಲಾದ್ರೂ ಸಿಗತ್ತಾ?

ರಾಗಿಮುದ್ದೆ
ಮಿಕ್ಸಿ ಬಂತಲ್ಲ ಗುರು, ರುಬ್ಕೊಂಡು ಸುಮ್ನಿರು 😀

ಲೆಕ್ಕದ ಲಲಿತಾ
ಸೀನ ಅವ್ರೇ, ನಿಮ್ಮ ಚಾರ್ಜರ್ ಕತೆ ಅದರಲ್ಲಿ ಸಣ್ಣ ಪಾರ್ಟು. ದೊಡ್ಡದು ಇನ್ನೊಂದಿತ್ತು. ಸ್ಕೀಮಲ್ಲಿ ಇನ್ನೊಂದು ಕಂಡೀಷನ್, ಗಾಡಿಯ ಇಂತಿಂಥ ಪಾರ್ಟ್ಸು ಇಂತಿಂಥ ತಾರೀಖಿನಿಂದ ಇಲ್ಲೇ ತಯಾರಾಗಿರ್ಬೇಕು ಅಂತ. ಕೆಲವರು ಹೊರಗಿಂದ, ಮುಖ್ಯವಾಗಿ ಚೀನಾದಿಂದ ತರ್ಸಿ ಜೋಡ್ಸಿ ಲೋಕಲ್ ಅಂತ ತೋರ್ಸಿ ಸಬ್ಸಿಡಿ ತಗೊಂಡಿದ್ದಾರೆ ಅಂತ 2022ರಲ್ಲಿ ಸಚಿವಾಲಯಕ್ಕೆ ಅನಾಮಧೇಯ ದೂರು ಹೋಯ್ತು. ತನಿಖೆ ಮಾಡಿ ಏಳು ಕಂಪನಿಗೆ 469 ಕೋಟಿ ವಾಪಸ್ ಕಟ್ಟಿ ಅಂತ ನೋಟಿಸು. ಒಂದಿಬ್ರು ಕಟ್ಟಿದ್ರು, ಆಂಪಿಯರ್ ನಡೆಸೋ ಗ್ರೀವ್ಸ್‌ನವ್ರು 124 ಕೋಟಿ ಕಟ್ಟಿದ್ದು ಸುದ್ದಿ ಆಗಿತ್ತು. ಕೆಲವರು ಕೋರ್ಟಿಗೆ ಹೋದ್ರು. 2024ರ ಅಕ್ಟೋಬರಲ್ಲಿ ಕಂಪನಿ ವಂಚನೆ ತನಿಖೆ ಮಾಡೋ ಕೇಂದ್ರದ ಸಂಸ್ಥೆ ಎಸ್‌ಎಫ್‌ಐಒ ಹೀರೋ ಎಲೆಕ್ಟ್ರಿಕ್ (ವಿಡಾದವ್ರಲ್ಲ, ಬೇರೆ ಕಂಪನಿ), ಒಕಿನಾವಾ, ಬೆನ್ಲಿಂಗ್ ಮೂರು ಕಡೆ ಸರ್ಚ್ ಮಾಡ್ತು, 297 ಕೋಟಿ ಸಬ್ಸಿಡಿ ಮೋಸದಿಂದ ತಗೊಂಡಿದ್ದಾರೆ ಅನ್ನೋದು ಆರೋಪ. ಆ ವರ್ಷದ ಕೊನೇಲಿ ಹೀರೋ ಎಲೆಕ್ಟ್ರಿಕ್ ದಿವಾಳಿ ಪ್ರಕ್ರಿಯೆಗೆ ಹೋಯ್ತು.

ಗಮನಿಸಿ, ಇದನ್ನ ಹಿಡಿದಿದ್ದು ನಮ್ಮ ವ್ಯವಸ್ಥೆ ಅಲ್ಲ, ಹೆಸರಿಲ್ಲದ ಒಂದು ಈಮೇಲು. ಗಾಡಿಗೆ ಮೊದಲೇ ಸರ್ಟಿಫಿಕೇಟ್ ಕೊಟ್ಟಿದ್ದು ಸರ್ಕಾರಿ ಮಾನ್ಯತೆ ಇರೋ ಟೆಸ್ಟಿಂಗ್ ಸಂಸ್ಥೆಗಳೇ. ಇನ್ನು ಸಿಎ ಸರ್ಟಿಫಿಕೇಟು. ನಾನೇ ಸಿಎ, ನನ್ ಬಾಯಿಂದ್ಲೇ ಹೇಳ್ತೀನಿ, ನಾವು ಸೀಲ್ ಹಾಕೋದು ಕಂಪನಿ ತೋರ್ಸಿದ ಪುಸ್ತಕಕ್ಕೆ, ಗೋಡೌನ್‌ಗೆ ಹೋಗಿ ಮೋಟರ್ ಬಿಚ್ಚಿ ಎಲ್ಲಿ ತಯಾರಾಗಿದ್ದು ಅಂತ ನೋಡಲ್ಲ.

ಹೊಸೂರ್ ರೋಡ್
ಎಲ್ಲಾ ಸರಿ, ಆದ್ರೆ ಸಬ್ಸಿಡಿ ಅಂದ ತಕ್ಷಣ ಕಳ್ಳತನ ಅನ್ನೋ ಥರ ಮಾತಾಡ್ಬೇಡಿ. ಆ ಸಬ್ಸಿಡಿ ಇಲ್ದಿದ್ರೆ 2022ರಲ್ಲಿ ಸೀನಣ್ಣ ಆ ಸ್ಕೂಟರ್ ತಗೊಂತಾನೇ ಇರ್ಲಿಲ್ಲ. ನಾನು ಆಟೋ ಪಾರ್ಟ್ಸ್ ಲೈನಲ್ಲಿ ಇದೀನಿ, ಹತ್ತಿರದಿಂದ ನೋಡಿದೀನಿ, ಹೊಸ ಇಂಡಸ್ಟ್ರಿ ತಾನಾಗಿ ಎದ್ದು ನಿಲ್ಲಲ್ಲ. ಮತ್ತೆ ಒಂದ್ ವಿಷ್ಯ ಯಾರಾದ್ರೂ ಯೋಚ್ನೆ ಮಾಡಿದೀರಾ? ಓಲಾ ಬೆಂಗಳೂರ್ ಕಂಪನಿ, ಏಥರ್ ಬೆಂಗಳೂರ್ ಕಂಪನಿ. ಫ್ಯಾಕ್ಟರಿ ಎಲ್ಲಿ? ಒಂದು ಕೃಷ್ಣಗಿರಿ ಹತ್ರ, ಇನ್ನೊಂದು ಹೊಸೂರು. ಅತ್ತಿಬೆಲೆ ದಾಟಿದ್ರೆ ಸಾಕು ತಮಿಳ್ನಾಡು. ಎಂಜಿನಿಯರ್‌ಗಳು ಕೋರಮಂಗಲದಲ್ಲಿ ಕೂತು ಡಿಸೈನ್ ಮಾಡ್ತಾರೆ, ಲೈನಲ್ಲಿ ಕೆಲ್ಸ ಸಿಗೋದು ಆ ಕಡೆಯವ್ರಿಗೆ. ನಾವು ಕೊಡಲ್ಲ ಅಂದ್ರೆ ಪಕ್ಕದವ್ನು ಕೊಡ್ತಾನೆ, ಇಷ್ಟೇ ಲೆಕ್ಕ.

ರಾಗಿಮುದ್ದೆ
ಹೆಣ್ಣು ನೋಡೋಕ್ ಬಂದೋರ ಥರ ಆಯ್ತು. ಪಕ್ಕದ್ ಮನೆಯವ್ರು ಕಾರ್ ಕೊಡ್ತಾರಂತೆ ನೀವೇನ್ ಕೊಡ್ತೀರಿ

ಸಂಡೂರಾಂವ
ಮುದ್ದಿ ಅಣ್ಣಾರ ಮಾತ ಖರೇ ಐತಿ ನೋಡ್ರಿ. ವರದಕ್ಷಿಣಿ ಕೊಡೋದು ನಮ್ಮ ಊರಾಗಿನ ಭೂಮಿ, ಹೆಸರ ಮಾಡ್ಕೊಳ್ಳೋದು ಬೆಂಗಳೂರಾಗ ಕುಂತಾವ್ರು.

ನಮ್ಮ ತೋರಣಗಲ್ಲಿನ ಕತಿ ಕೇಳ್ರಿ. 1971ರಾಗ ಇಂದಿರಾಗಾಂಧಿ ಬಂದು ವಿಜಯನಗರ ಸ್ಟೀಲ್ ಅಂತ ಸರ್ಕಾರಿ ಕಾರ್ಖಾನಿಗೆ ಅಡಿಗಲ್ಲ ಹಾಕಿದ್ರು. ಭೂಮಿ ಹೋತು, ಸರ್ಕಾರಿ ಕಾರ್ಖಾನಿ ಬರಲಿಲ್ಲ. ತೊಂಬತ್ತರ ದಶಕದಾಗ ಜಿಂದಾಲ್ ಬಂತು. ಬಂದದ್ದಕ್ಕ ಬ್ಯಾಡ ಅನ್ನೂದಿಲ್ಲ, ನಮ್ಮ ಕಾಕಾನ ಮಗ ಅಲ್ಲೇ ಕೆಲಸ ಮಾಡ್ತಾನ, ಮನಿ ಕಟ್ಸ್ಯಾನ. ಮುಂದ 2006-07ರಾಗ ಇನ್ನೂ 3,667 ಎಕ್ರೆ ಲೀಸ್ ಕಮ್ ಸೇಲ್ ಅಂತ ಕೊಟ್ರು, ಎಕ್ರೆಕ್ಕ ಒಂದ್ ಭಾಗಕ್ಕ 1.22 ಲಕ್ಷ, ಇನ್ನೊಂದ್ ಭಾಗಕ್ಕ 1.50 ಲಕ್ಷ. 2019ರಾಗ ಕುಮಾರಸ್ವಾಮಿ ಸಂಪುಟ ಅದ ರೇಟಿಗೆ ಮಾರಾಟ ಮಾಡೂದು ಅಂತ ತೀರ್ಮಾನ ಮಾಡ್ತು. ಕಾಂಗ್ರೆಸ್ಸಿನ ಎಚ್.ಕೆ. ಪಾಟೀಲ್ರೇ ವಿರೋಧ ಮಾಡಿ ಪತ್ರ ಬರದ್ರು. ಬಿಜೆಪಿಯವ್ರು ಬೆಂಗಳೂರಾಗ ಅಹೋರಾತ್ರಿ ಧರಣಿ, ಯಡಿಯೂರಪ್ಪ ಅಲ್ಲೇ ಮಲಗಿದ್ರು. ಸರ್ಕಾರ ಬಿತ್ತು. 2021ರ ಏಪ್ರಿಲ್‌ದಾಗ ಅದ ಯಡಿಯೂರಪ್ಪನವ್ರ ಸಂಪುಟ ಅದ ಭೂಮಿ ಕೊಡಾಕ ಒಪ್ಗಿ ಕೊಟ್ಟು, ಪಕ್ಷದವ್ರೇ ಗದ್ಲ ಮಾಡಿದ್ಮ್ಯಾಗ ಮುಂದಿನ ತಿಂಗಳ ತಡಿಹಿಡೀತು. 2024ರ ಆಗಸ್ಟ್‌ದಾಗ ಸಿದ್ರಾಮಯ್ಯನವ್ರ ಸಂಪುಟ ಒಪ್ಗಿ ಕೊಟ್ತು. ಆ ಸಂಪುಟದಾಗ ಕಾನೂನು ಮಂತ್ರಿ ಯಾರಪಾ ಅಂದ್ರ ಎಚ್.ಕೆ. ಪಾಟೀಲ್ರು! ಮೂರೂ ಪಕ್ಷ ಮಾರಾಟ ಮಾಡಾಕ ಒಪ್ಯಾವ, ಮೂರರಾಗೂ ವಿರೋಧ ಮಾಡಿದವ್ರು ಅದಾರ. ಅಧಿಕಾರದಾಗ ಇದ್ದಾಗ ಒಂದ ನಾಲಗಿ, ಇಲ್ದಾಗ ಇನ್ನೊಂದು.

ಹೊಸೂರ್ ರೋಡ್
ಅದರಲ್ಲಿ ಕಂಪನಿ ತಪ್ಪೇನಿದೆ ಸಾರ್? ಲೀಸ್ ಕಮ್ ಸೇಲ್ ಅಂದ್ರೇನು, ಕಂಡೀಷನ್ ಪೂರೈಸಿದ್ರೆ ಇದೇ ರೇಟಿಗೆ ಸೇಲ್ ಡೀಡ್ ಮಾಡ್ಕೊಡ್ತೀವಿ ಅಂತ ಸರ್ಕಾರನೇ ಬರ್ಕೊಟ್ಟಿರೋ ಅಗ್ರಿಮೆಂಟು. ಹತ್ತು ಹದಿನೈದು ವರ್ಷ ಆದ್ಮೇಲೆ ಭೂಮಿ ರೇಟು ಏರಿದೆ ಅಂತ ಮಾತು ಬದ್ಲಾಯ್ಸಿದ್ರೆ ನಾಳೆ ಯಾರು ಬರ್ತಾರೆ? ಕೈಗಾರಿಕೆಗೆ ಭೂಮಿ ಕೊಡೋ ಸರ್ಕಾರಿ ಮಂಡಳಿ ಕೆಐಎಡಿಬಿ ಸುಮಾರು ಜನಕ್ಕೆ ಹಂಗೇ ಕೊಟ್ಟಿರೋದು, ಪೀಣ್ಯದ ಸಣ್ಣ ಶೆಡ್ಡಿಗೂ ಸೇರ್ಸಿ.

ಸಂಡೂರಾಂವ
ಸರಿ ಅಣ್ಣಾರ, ನಿಮ್ಮ ಮಾತ ಒಪ್ತೀನಿ. ಆದ್ರ ಆ ಕಂಡೀಷನ್ ಯಾವವು? ಎಷ್ಟ ಮಂದಿಗೆ ಕೆಲಸ, ಅದ್ರಾಗ ನಮ್ಮೂರಿನವ್ರು ಎಷ್ಟ, ಖಾಯಂ ಎಷ್ಟ, ಗುತ್ತಿಗಿ ಎಷ್ಟ? "ಪೂರೈಸ್ಯಾರ" ಅಂತ ಯಾರು ಎಣಿಸಿ ನೋಡ್ಯಾರ, ಆ ಕಾಗದ ನಾ ಓದಬೌದಾ? ಐದು ವರ್ಷ ಗದ್ಲ ಆತು, ಎಲ್ಲಾ ಚರ್ಚಿ ಎಕ್ರೆ ರೇಟಿನ ಮ್ಯಾಗ. ಕಂಡೀಷನ್ ಪಟ್ಟಿ ಬಗ್ಗಿ ಒಬ್ರೂ ಬಾಯಿ ಬಿಡಲಿಲ್ಲ.

ಮತ್ತ ಕಾರ್ಖಾನಿನ ಬರಲಾರದ ಭೂಮಿ ಕತಿ ಬ್ಯಾರೆ ಐತಿ. ಕುಡತಿನಿ, ಹರಗಿನಡೋಣಿ, ವೇಣಿವೀರಾಪುರ ಕಡೆ 2010ರ ಸುಮಾರಿಗೆ ಉಕ್ಕಿನ ಕಾರ್ಖಾನಿ ಬರ್ತಾವ ಅಂತ ಸಾವಿರಾರು ಎಕ್ರೆ ತಗೊಂಡ್ರು. ಕಾರ್ಖಾನಿ ಎದ್ದಿಲ್ಲ. 2022ರ ಡಿಸೆಂಬರ್‌ದಿಂದ ರೈತರು ಧರಣಿ ಕುಂತ್ರು, ಯೋಗ್ಯ ಪರಿಹಾರ ಕೊಡ್ರಿ, ಇಲ್ಲಾ ಕಾರ್ಖಾನಿ ಕಟ್ರಿ, ಇಲ್ಲಾ ಭೂಮಿ ತಿರುಗಿ ಕೊಡ್ರಿ ಅಂತ.

ಪೀಣ್ಯ ಲೇತ್
ಪೀಣ್ಯದ ಶೆಡ್ಡು ಅಂದ್ರಲ್ಲ, ಬಂದೆ ಸ್ವಾಮಿ. ನಮ್ದು ಎರಡು ಸಿಎನ್‌ಸಿ (ಕಂಪ್ಯೂಟರ್ ಮೆಷಿನ್ನು), ಮೂರು ಹಳೇ ಲೇತು, ಒಂಬತ್ತು ಜನ. ಮೆಷಿನ್ ಮೇಲೆ ಕ್ಯಾಪಿಟಲ್ ಸಬ್ಸಿಡಿ ಸಿಗತ್ತೆ ಅಂತ ಒಬ್ರು ಹೇಳಿದ್ರು, ಅರ್ಜಿ ಹಾಕ್ದೆ. ಇಲಾಖೆ ಹೆಸ್ರು ಬೇಡ, ನಾಳೆ ಮತ್ತೆ ಅಲ್ಲೇ ಹೋಗ್ಬೇಕು. ಇನ್‌ವಾಯ್ಸು, ಬ್ಯಾಂಕ್ ಲೆಟ್ರು, ಕರೆಂಟ್ ಬಿಲ್ಲು, ಪೊಲ್ಯೂಷನ್ ಬೋರ್ಡ್ ಕನ್ಸೆಂಟು, ಸಿಎ ಸರ್ಟಿಫಿಕೇಟು, ಮೆಷಿನ್ ಪಕ್ಕ ನಾನು ನಿಂತಿರೋ ಫೋಟೋ. ಇನ್‌ಸ್ಪೆಕ್ಷನ್‌ಗೆ ಮೂರು ಸಲ ಬಂದ್ರು. ಮೂರನೇ ಸಲ ಬಂದವ್ರು ಬೋರ್ಡಲ್ಲಿ ಕನ್ನಡ ಅಕ್ಷರ ಇಂಗ್ಲಿಷ್‌ಗಿಂತ ಚಿಕ್ಕದಾಗಿದೆ ಅಂತ ಬರ್ಕೊಂಡು ಹೋದ್ರು, ಅದು ನ್ಯಾಯವೇ ಬಿಡಿ, ಸರಿ ಮಾಡ್ಸಿದೆ. ದುಡ್ಡು ಬರೋ ಹೊತ್ತಿಗೆ ಆ ಮೆಷಿನ್ ಲೋನೇ ತೀರಿತ್ತು.

ನನಗೆ ಅದರಲ್ಲಿ ಸಿಟ್ಟಿಲ್ಲ. ಜನರ ದುಡ್ಡು, ಚೆಕ್ ಮಾಡ್ಲಿ. ಆದ್ರೆ ಒಂಬತ್ತು ಜನರ ಶೆಡ್ಡಿಗೆ ಮೂರು ಸಲ ಬರೋರು ಒಂಬತ್ತು ಸಾವಿರ ಜನರ ಫ್ಯಾಕ್ಟರಿಗೆ ಎಷ್ಟು ಸಲ ಹೋಗ್ತಾರೆ ಅಂತ ತಿಳ್ಕೊಳೋ ಆಸೆ ಅಷ್ಟೇ. ನಮ್ಮ ಇಂಡಸ್ಟ್ರಿಯಲ್ ಪಾಲಿಸಿಲಿ ಒಂದು ಸಾಲಿದೆ, ಪ್ರೋತ್ಸಾಹ ಬೇಕು ಅಂದ್ರೆ ಒಟ್ಟು ಕೆಲಸದಲ್ಲಿ 70 ಪರ್ಸೆಂಟು, ಕೆಳ ದರ್ಜೆ ಕೆಲಸದಲ್ಲಿ ನೂರಕ್ಕೆ ನೂರು ಕನ್ನಡಿಗರಿಗೆ ಅಂತ. ಸರೋಜಿನಿ ಮಹಿಷಿ ವರದಿ ಕಾಲದಿಂದ್ಲೂ ಇದೇ ಮಾತು. ಆ ಸಾಲು ಮುರಿದಿದ್ದಕ್ಕೆ ಯಾವುದೋ ದೊಡ್ಡ ಕಂಪನಿಯಿಂದ ಸಬ್ಸಿಡಿ ವಾಪಸ್ ಕಿತ್ಕೊಂಡ್ರು ಅಂತ ನೀವ್ಯಾರಾದ್ರೂ ಒಂದು ಸುದ್ದಿ ಓದಿದೀರಾ? ನಾನಂತೂ ಓದಿಲ್ಲ.

ಗ್ರಾಮಸಭೆ ಗೌರಿ
ನಾನು ಒಂದ್ ಟರ್ಮ್ ಪಂಚಾಯ್ತಿ ಮೆಂಬರ್ ಆಗಿದ್ದೆ, ಹಾಸನ ಕಡೆ. ನಿಮ್ಮ ಮಾತೆಲ್ಲ ಓದ್ತಾ ಇದ್ರೆ ನಂಗೆ ಒಂದ್ ದಿನ ನೆನಪಾಯ್ತು. ನರೇಗಾ ಸಾಮಾಜಿಕ ಲೆಕ್ಕಪರಿಶೋಧನೆ ಗ್ರಾಮಸಭೆ, ಕಾನೂನಿನ 17ನೇ ಸೆಕ್ಷನ್ನಲ್ಲೇ ಇತ್ತು ಅದು, ಮಾಡ್ಲೇಬೇಕಿತ್ತು. ಅರಳಿಕಟ್ಟೆ ಮುಂದೆ ಶಾಮಿಯಾನ, ಮೈಕಲ್ಲಿ ಒಬ್ಬೊಬ್ರ ಹೆಸ್ರು, ಜಾಬ್ ಕಾರ್ಡ್ ನಂಬರ್ರು, ಎಷ್ಟ್ ದಿನ ಕೆಲ್ಸ, ಎಷ್ಟ್ ದುಡ್ಡು ಎಲ್ಲಾ ಕೂಗಿ ಹೇಳೋರು. ನಮ್ ಬೀದಿ ಒಬ್ಬ ವಯಸ್ಸಾದ ಹೆಂಗ್ಸು, ಎನ್‌ಎಂಆರ್‌ನಲ್ಲಿ (ಕೂಲಿ ಹಾಜರಿ ಪಟ್ಟಿ) ಮೂರು ದಿನ ಜಾಸ್ತಿ ಬಿದ್ದಿದೆ, ಆ ಮೂರು ದಿನ ಅವ್ರು ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ರು. ಇಡೀ ಊರ ಮುಂದೆ ಎದ್ದು ನಿಂತು ಉತ್ತರ ಕೊಟ್ರು. ಸೆರಗಲ್ಲಿ ಕಣ್ಣೊರ್ಸ್ಕೊಂಡು ದುಡ್ಡು ವಾಪಸ್ ಕಟ್ತೀನಿ ಅಂದ್ರು. ಸಾವಿರ ರೂಪಾಯಿ ಒಳಗಿನ ಲೆಕ್ಕ ಅದು. ಹಾಜರಿ ಬರೆದಿದ್ದು ಮೇಟಿ, ಅಂದ್ರೆ ಕೂಲಿ ಗುಂಪಿನ ಮೇಸ್ತ್ರಿ, ಎದ್ದು ನಿಂತಿದ್ದು ಅವ್ರು.

ತಪ್ಪು ತಪ್ಪೇ, ಇಲ್ಲಾ ಅನ್ನಲ್ಲ. ಆದ್ರೆ ಅವತ್ತಿಂದ ನಂಗೆ ಅನ್ಸೋದು, ಬಿಪಿಎಲ್ ಪಟ್ಟಿ ಪಂಚಾಯ್ತಿ ಗೋಡೆ ಮೇಲೆ, ಮನೆ ಬಂದೋರ ಪಟ್ಟಿ ಗೋಡೆ ಮೇಲೆ, ಈ ಕಂಪ್ನಿಯೋರ ಪಟ್ಟಿ ಅಂಟ್ಸೋಕೆ ಇವ್ರಿಗೆ ಗೋಡೆನೇ ಸಿಗ್ಲಿಲ್ವಾ?

ರಾಗಿಮುದ್ದೆ
ಬಡವರಿಗೆ ಕೊಟ್ರೆ ಬಿಟ್ಟಿ ಭಾಗ್ಯ, ಕಂಪ್ನಿಗೆ ಕೊಟ್ರೆ ಪ್ರೋತ್ಸಾಹಧನ

ಹೊಸೂರ್ ರೋಡ್
ವಾಟ್ಸಾಪ್ ಫಾರ್ವರ್ಡ್ ತಂದು ಹಾಕ್ಬೇಡಪ್ಪ. ಗೌರಿ ಮೇಡಂ ಹೇಳಿದ್ದು ಯೋಚ್ನೆ ಮಾಡೋ ಮಾತು, ಅದನ್ನ ಹಾಳ್ ಮಾಡ್ಬೇಡ.

ಮಿಲ್ವಾಕಿ ಮಂಜ
ತುಂಬಾ ದಿನ ಆದ್ಮೇಲೆ ಒಳ್ಳೆ ಚರ್ಚೆ, ಅದಕ್ಕೇ ನಿದ್ದೆಗೆಟ್ಟು ಟೈಪ್ ಮಾಡ್ತಿದೀನಿ. ನಾನಿರೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯ. ದೇವನಹಳ್ಳಿಗೆ ಬಂದಿರೋ, ಐಫೋನ್ ತಯಾರಿಸೋ ಫಾಕ್ಸ್‌ಕಾನ್ ನಮ್ಮ ಇಲ್ಲಿಗೂ ಬಂದಿತ್ತು ಅಂತ ಎಷ್ಟು ಜನಕ್ಕೆ ಗೊತ್ತು?

2017ರಲ್ಲಿ ಇಲ್ಲಿ ಹಬ್ಬವೋ ಹಬ್ಬ. 10 ಬಿಲಿಯನ್ ಡಾಲರ್ ಹೂಡಿಕೆ, ಟಿವಿ ಪರದೆ ಮಾಡೋ ಫ್ಯಾಕ್ಟರಿ, 13,000 ಜನಕ್ಕೆ ಕೆಲಸ ಅಂದ್ರು. ರಾಜ್ಯ ಸರ್ಕಾರ ಹೆಚ್ಚುಕಮ್ಮಿ 3 ಬಿಲಿಯನ್ ಡಾಲರ್ ಪ್ಯಾಕೇಜ್ ಬರ್ಕೊಡ್ತು. ಭಾಗಿಸಿ ನೋಡಿ, ಒಂದು ಕೆಲಸಕ್ಕೆ 2 ಲಕ್ಷ 30 ಸಾವಿರ ಡಾಲರ್. ಇಲ್ಲಿನ ಶಾಸನಸಭೆಗೆ ಲೆಕ್ಕ ಹಾಕ್ಕೊಡೋ ಪಕ್ಷಾತೀತ ಕಚೇರಿ ಒಂದಿದೆ, ಅವ್ರು ಮೊದಲೇ ಹೇಳಿದ್ರು, ಎಲ್ಲಾ ಅಂದ್ಕೊಂಡಂಗೆ ನಡೆದ್ರೂ ರಾಜ್ಯಕ್ಕೆ ದುಡ್ಡು ವಾಪಸ್ ಹುಟ್ಟೋದು 2042-43ಕ್ಕೆ ಅಂತ. ಯಾರೂ ಕೇಳ್ಲಿಲ್ಲ. 2018ರಲ್ಲಿ ಟ್ರಂಪ್ ಬಂದು ಗುದ್ದಲಿ ಪೂಜೆ ಮಾಡಿ ಜಗತ್ತಿನ ಎಂಟನೇ ಅದ್ಭುತ ಅಂದ್ರು.

ಅದ್ಭುತ ಬರ್ಲಿಲ್ಲ. ಆ ಪರದೆ ಫ್ಯಾಕ್ಟರಿ ಎದ್ದೇ ಇಲ್ಲ. ಆದ್ರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನ ಹೇಳೋಕೇ ನಾನು ಬಂದಿದ್ದು. ರಾಜ್ಯದ ದುಡ್ಡು ಮುಂಗಡ ಇರ್ಲಿಲ್ಲ. ವರ್ಷ ವರ್ಷ ಇಷ್ಟು ಜನರನ್ನ ತಗೊಂಡಿರ್ಬೇಕು, ತೋರಿಸ್ಬೇಕು, ಆಮೇಲೆ ತೆರಿಗೆ ರಿಯಾಯ್ತಿ ಅಂತ ಕರಾರು. 2018ಕ್ಕೆ ಕನಿಷ್ಠ 260 ಜನ ಬೇಕಿತ್ತು, ಮುಟ್ಲಿಲ್ಲ, ಆ ವರ್ಷದ ರಿಯಾಯ್ತಿ ಸೊನ್ನೆ. 2019ದ್ದನ್ನೂ ಸರ್ಕಾರ ತಿರಸ್ಕರಿಸ್ತು. 2021ರಲ್ಲಿ ಹೊಸ ಕರಾರು, 1,454 ಕೆಲಸಕ್ಕೆ 80 ಮಿಲಿಯನ್. ಮೂರು ಬಿಲಿಯನ್ ಎಲ್ಲಿ ಎಂಬತ್ತು ಮಿಲಿಯನ್ ಎಲ್ಲಿ. ಕರಾರು ಜನರ ಮುಂದೆ ಇತ್ತು!

ಸೋತಿದ್ದು ಯಾರು ಅಂದ್ರೆ ಮೌಂಟ್ ಪ್ಲೆಸೆಂಟ್ ಅನ್ನೋ ಸಣ್ಣ ಊರು. ರಸ್ತೆ, ನೀರು, ಭೂಮಿ ಎಲ್ಲಾ ಸಾಲ ಮಾಡಿ ಮೊದಲೇ ಖರ್ಚು ಮಾಡಿದ್ರು, ಚೆನ್ನಾಗಿದ್ದ ಮನೆಗಳ ಜಾಗಾನೂ ಪಾಳು ಪ್ರದೇಶ ಅಂತ ಘೋಷಿಸಿ ತಗೊಂಡ್ರು. ಆಮೇಲೆ ಮೈಕ್ರೋಸಾಫ್ಟ್ ಬಂದು ಅದೇ ಜಾಗದಲ್ಲಿ ಡೇಟಾ ಸೆಂಟರ್ ಅಂತ ಶುರು ಮಾಡಿದ್ದಕ್ಕೆ ಊರು ಸ್ವಲ್ಪ ಉಸಿರಾಡ್ತು. ಅಂದ್ರೆ ಕೆಲಸ ಆದ್ಮೇಲೆ ಕೊಟ್ಟವ್ರು ಉಳ್ಕೊಂಡ್ರು, ಮೊದಲೇ ಕೊಟ್ಟವ್ರು ಕೆಟ್ರು.

ಲೆಕ್ಕದ ಲಲಿತಾ
ಮಂಜ, ಸಕತ್. ದೇವನಹಳ್ಳಿ ವಿಷ್ಯ ಬಂತು ಅಂತ ಹೇಳ್ತೀನಿ, ಇಲ್ಲಿ ಫಾಕ್ಸ್‌ಕಾನ್ 300 ಎಕರೆಗೆ 300 ಕೋಟಿ ಕೊಟ್ಟಿದ್ದು 2023ರ ಮೇನಲ್ಲಿ ನಮಗೆ ಪಕ್ಕಾ ಗೊತ್ತಾಗಿದ್ದು ಕಂಪನಿ ಲಂಡನ್ ಷೇರುಪೇಟೆಗೆ ಸಲ್ಲಿಸಿದ ಹೇಳಿಕೆಯಿಂದ. ಐಫೋನ್ ಈಗ ಅಲ್ಲಿ ತಯಾರಾಗ್ತಾ ಇದೆ, ಸಾವಿರಾರು ಹುಡುಗೀರಿಗೆ ಕೆಲಸ ಸಿಕ್ಕಿದೆ, ಅದು ವಿಸ್ಕಾನ್ಸಿನ್ ಥರ ಆಗ್ಲಿಲ್ಲ, ಸಂತೋಷ.

ಇನ್ನೊಂದು ಲೆಕ್ಕ. 2024ರ ಜೂನಲ್ಲಿ ಕುಮಾರಸ್ವಾಮಿ ಕೇಂದ್ರ ಮಂತ್ರಿ ಆದ ಹೊಸದ್ರಲ್ಲಿ ಬೆಂಗಳೂರಲ್ಲಿ ಒಂದು ಮಾತು ಹೇಳಿ ಆಮೇಲೆ ಸ್ಪಷ್ಟೀಕರಣ ಕೊಟ್ರಲ್ಲ, ನೆನಪಿದೆಯಾ? ಗುಜರಾತಿನ ಸಾಣಂದ್‌ನ ಮೈಕ್ರಾನ್ ಚಿಪ್ ಫ್ಯಾಕ್ಟರಿ ಬಗ್ಗೆ, ಒಂದು ಕೆಲಸಕ್ಕೆ 3.2 ಕೋಟಿ ಸಬ್ಸಿಡಿ ಬೀಳತ್ತೆ ಅಂತ. ಎಲ್ರೂ ಬೈದ್ರು, ಲೆಕ್ಕ ಮಾತ್ರ ಯಾರೂ ಹಾಕಿ ನೋಡ್ಲಿಲ್ಲ. ನಾನು ಹಾಕ್ದೆ. ಯೋಜನೆ 2.75 ಬಿಲಿಯನ್ ಡಾಲರ್. ಅದರಲ್ಲಿ ಕೇಂದ್ರ 50 ಪರ್ಸೆಂಟ್, ಗುಜರಾತ್ 20 ಪರ್ಸೆಂಟ್, ಕಂಪನಿ ಕೈಯಿಂದ 825 ಮಿಲಿಯನ್ ತನಕ. ನೇರ ಕೆಲಸ 5,000. ಎಪ್ಪತ್ತು ಪರ್ಸೆಂಟನ್ನ ಐದು ಸಾವಿರಕ್ಕೆ ಭಾಗ್ಸಿ, ಡಾಲರ್ 82ರ ಲೆಕ್ಕದಲ್ಲಿ ಮೂರು ಕೋಟಿ ಚಿಲ್ರೆನೇ ಬರತ್ತೆ. ಅವ್ರ ಲೆಕ್ಕ ಸರಿಯಾಗೇ ಇತ್ತು.

ಹೊಸೂರ್ ರೋಡ್
ಲಲಿತಾ ಮೇಡಂ, ಚಿಪ್ಪನ್ನ ತಲೆ ಎಣಿಕೆಲಿ ಅಳೀಬಾರ್ದು. ಕೋವಿಡ್ ಟೈಮಲ್ಲಿ ಒಂದು ಸಣ್ಣ ಚಿಪ್ ಇಲ್ದೆ ಕಾರ್ ಕಂಪನಿಗಳ ಲೈನ್ ನಿಂತಿತ್ತು, ನಮ್ಮ ಸಪ್ಲೈನೂ ನಿಂತಿತ್ತು, ನಾನು ಹುಡುಗ್ರಿಗೆ ಅರ್ಧ ಸಂಬಳ ಕೊಟ್ಟಿದೀನಿ. ನಮ್ಮಲ್ಲೇ ಆಗ್ಬೇಕು ಅನ್ನೋದಕ್ಕೆ ಒಂದು ಬೆಲೆ ಇದೆ.

ಲೆಕ್ಕದ ಲಲಿತಾ
ಅದನ್ನೇ ಬರೆದು ಇಡ್ಲಿ ಅಂತೀನಿ ನಾನು. ಇದು ಕೆಲಸಕ್ಕಲ್ಲ, ಭದ್ರತೆಗೆ ಕೊಟ್ಟಿದ್ದು, ಹತ್ತು ವರ್ಷದಲ್ಲಿ ಇಷ್ಟು ಚಿಪ್ಪು ಇಲ್ಲಿ ಆಗ್ಬೇಕು ಅಂತ. ವೇದಿಕೆ ಮೇಲೆ ಯುವಕರಿಗೆ ಉದ್ಯೋಗ ಅಂತ ಭಾಷಣ, ಲೆಕ್ಕ ಕೇಳಿದ್ರೆ ರಾಷ್ಟ್ರೀಯ ಭದ್ರತೆ ಅಂದ್ರೆ ಹೆಂಗೆ? ಯಾವ ಅಳತೆಗೋಲಲ್ಲಿ ಅಳೀಬೇಕು ಅಂತ ದುಡ್ಡು ಕೊಡೋ ದಿನವೇ ಹೇಳ್ಬಿಟ್ರೆ ಜಗಳವೇ ಇಲ್ಲ.

ಹೊಸೂರ್ ರೋಡ್
ಈ ಮಾತಿಗೆ ನಾನು ಸೈ. ಆದ್ರೂ ಒಂದು ಹೇಳ್ತೀನಿ. ಚನ್ನರಾಯಪಟ್ಟಣದ, ದೇವನಹಳ್ಳಿ ತಾಲ್ಲೂಕಿಂದು, 1,777 ಎಕರೆ ಏರೋಸ್ಪೇಸ್ ಪಾರ್ಕ್ 2025ರ ಜುಲೈ 15ಕ್ಕೆ ಸಿದ್ದರಾಮಯ್ಯ ಕೈಬಿಟ್ರು, ರೈತರು ಮೂರು ವರ್ಷಕ್ಕಿಂತ ಹೆಚ್ಚು ಹೋರಾಡಿದ್ರು, ಗೆದ್ರು, ಒಳ್ಳೇದು. ಕೈಬಿಟ್ಟ ತಕ್ಷಣ ಆಂಧ್ರದ ಮಂತ್ರಿ ಲೋಕೇಶ್ ನಮ್ಮಲ್ಲಿ 8,000 ಎಕರೆ ರೆಡಿ ಇದೆ ಬನ್ನಿ ಅಂತ ಟ್ವೀಟ್ ಹಾಕಿದ್ರು. ಅದೇ ಅಕ್ಟೋಬರಲ್ಲಿ ಗೂಗಲ್ ಡೇಟಾ ಸೆಂಟರ್ ವಿಶಾಖಪಟ್ಟಣಕ್ಕೆ ಹೋಯ್ತು, ಪ್ರಿಯಾಂಕ್ ಖರ್ಗೆ ಅದಕ್ಕೆ ಆಂಧ್ರ 22,000 ಕೋಟಿ ರಿಯಾಯ್ತಿ ಕೊಟ್ಟಿದೆ ಅಂದ್ರು, ಲೋಕೇಶ್ ನಮ್ಮ ಖಾರ ಪಕ್ಕದವ್ರಿಗೆ ಉರಿ ತಂದಿದೆ ಅನ್ನೋ ಥರ ಉತ್ತರ ಕೊಟ್ರು. ನಾವು ಎಲ್ಲಾ ಕಾಗದ ಬಿಚ್ಚಿಟ್ರೆ ಪಕ್ಕದ ರಾಜ್ಯ ಅದನ್ನ ನೋಡ್ಕೊಂಡು ಒಂದು ರೂಪಾಯಿ ಜಾಸ್ತಿ ಕೂಗಲ್ವಾ?

ಪೀಣ್ಯ ಲೇತ್
ಕೂಗ್ಲಿ ಬಿಡಿ ಸಾರ್. ಈಗ್ಲೂ ಪಕ್ಕದವ್ರ ರೇಟು ನಮ್ಮವ್ರಿಗೆ ಗೊತ್ತಾಗೋದು ಕಂಪನಿಯವ್ರ ಬಾಯಿಂದ. ಅವ್ರು ಆ ಕಡೆ ಹೋಗಿ ಇವ್ರು ಹತ್ತು ಅಂದ್ರು, ಈ ಕಡೆ ಬಂದು ಅವ್ರು ಹದಿನೈದು ಅಂದ್ರು ಅಂತಾರೆ. ಎಪಿಎಂಸಿಲಿ ಟವೆಲ್ ಒಳಗೆ ಬೆರಳು ಹಿಡಿದು ವ್ಯಾಪಾರ ಮಾಡ್ತಿದ್ರಲ್ಲ ಹಂಗೆ. ಟವೆಲ್ ತೆಗೆದ್ರೆ ಮೋಸ ಹೋಗೋದು ರೈತ ಅಲ್ಲ, ದಲ್ಲಾಳಿ.

ಸ್ಕೂಟರ್ ಸೀನ
ಎಲ್ರಿಗೂ ಥ್ಯಾಂಕ್ಸ್, ನಾನು ಇಷ್ಟು ನಿರೀಕ್ಷೆ ಮಾಡಿರ್ಲಿಲ್ಲ. ಇನ್ನೊಂದು ತಮಾಷೆ ಹೇಳ್ಬೇಕು, ನನ್ನ ತಂಗಿ ಹೋದ ವರ್ಷ ಸ್ಕೂಟರ್ ತಗೊಂಡ್ಳು. ಅಷ್ಟೊತ್ತಿಗೆ ಫೇಮ್ ಹೋಗಿ ಪಿಎಂ ಇ-ಡ್ರೈವ್ ಅಂತ ಬಂದಿತ್ತು, 10,900 ಕೋಟಿದು. ಹಳೇ ಮೋಸ ತಡೆಯೋಕೆ ಅಂತ ಆಧಾರ್, ಇ-ವೋಚರ್ರು, ಮುಖದ ಫೋಟೋ ಎಲ್ಲಾ ಕೇಳಿದ್ರಂತೆ. ಆಟ ಆಡಿದ್ದು ಕಂಪನಿಗಳು, ಮುಖ ತೋರಿಸ್ಬೇಕಾಗಿದ್ದು ನನ್ನ ತಂಗಿ. ಸಿಕ್ಕಿದ್ದು ಐದು ಸಾವಿರ.

ಗ್ರಾಮಸಭೆ ಗೌರಿ
ನೋಡಿದ್ರಾ, ಮತ್ತೆ ಅದೇ ಶಾಮಿಯಾನ.

ಲೆಕ್ಕದ ಲಲಿತಾ
ಸೀನ ಅವ್ರ ಮೂಲ ಪ್ರಶ್ನೆಗೆ ಉತ್ತರ. ಲಿಸ್ಟು ಕೊಡ್ಬೇಕು ಅಂತ ಕಾನೂನು 2005ರಿಂದ್ಲೇ ಇದೆ. ಮಾಹಿತಿ ಹಕ್ಕು ಕಾಯ್ದೆ ಸೆಕ್ಷನ್ 4(1)(ಬಿ), ಅದರ 12ನೇ ಅಂಶ ಓದಿ: ಸಬ್ಸಿಡಿ ಕಾರ್ಯಕ್ರಮ ಹೆಂಗೆ ಜಾರಿ ಮಾಡ್ತಾರೆ, ಎಷ್ಟು ದುಡ್ಡು ಇಟ್ಟಿದ್ದಾರೆ, ಫಲಾನುಭವಿಗಳ ವಿವರ ಏನು, ಇಷ್ಟನ್ನೂ ಯಾರೂ ಕೇಳದೇನೇ ಪ್ರಕಟಿಸ್ಬೇಕು. 13ನೇದು ರಿಯಾಯ್ತಿ, ಪರ್ಮಿಟ್ ಪಡೆದವ್ರ ವಿವರ. ಅಲ್ಲಿ ಬಡವ ಅಂತಾನೂ ಇಲ್ಲ ಕಂಪನಿ ಅಂತಾನೂ ಇಲ್ಲ. ಗೌರಿ ಅವ್ರ ಪಂಚಾಯ್ತಿ ಗೋಡೆಗೆ ಪಟ್ಟಿ ಬಂದಿದ್ದು ಯಾವ ತತ್ವದ ಮೇಲೋ ಕೈಗಾರಿಕೆ ಇಲಾಖೆಗೂ ಅದೇ ಅನ್ವಯ.

ಕೇಳಿದಾಗ ಅವ್ರು ತೋರ್ಸೋ ಗುರಾಣಿ ಸೆಕ್ಷನ್ 8(1)(ಡಿ), ವಾಣಿಜ್ಯ ಗೋಪ್ಯತೆ. ಆದ್ರೆ ಅದರಲ್ಲೇ ಇದೆ, ಸಾರ್ವಜನಿಕ ಹಿತ ದೊಡ್ಡದಿದ್ರೆ ಕೊಡ್ಬೇಕು ಅಂತ. ನನ್ನ ಕೇಳಿದ್ರೆ ಕಂಪನಿ ಸೂತ್ರ ಗುಟ್ಟು, ಗಿರಾಕಿ ಪಟ್ಟಿ ಗುಟ್ಟು, ಸರ್ಕಾರ ಕೊಟ್ಟ ದುಡ್ಡು ಹೆಂಗೆ ಗುಟ್ಟಾಗತ್ತೆ?

ಇನ್ನೊಂದು ಸುಲಭದ ದಾರಿ, ಇದು ನಮ್ಮ ಲೈನಿನವ್ರಿಗೆ ಮಾತ್ರ ಗೊತ್ತಿರೋದು. ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿಲಿ ಹಿಂದಿನ ಪುಟಗಳಲ್ಲಿ ಟಿಪ್ಪಣಿ ಅಂತ ಇರತ್ತೆ, ಅಲ್ಲಿ ಸರ್ಕಾರಿ ಅನುದಾನ ಎಷ್ಟು ಬಂತು ಅಂತ ತೋರಿಸ್ಲೇಬೇಕು, ಲೆಕ್ಕಪತ್ರದ ನಿಯಮನೇ ಇದೆ. ಷೇರುದಾರನಿಗೆ ಸಿಗೋ ಮಾಹಿತಿ ತೆರಿಗೆ ಕಟ್ಟೋನಿಗೆ ಸಿಗ್ತಿಲ್ಲ ಅಷ್ಟೇ.

ಮಿಲ್ವಾಕಿ ಮಂಜ
ಇಲ್ಲಿ 2015ರಲ್ಲಿ ಒಂದು ಲೆಕ್ಕಪತ್ರ ನಿಯಮ ಬಂತು, ನಂಬರ್ 77. ರಾಜ್ಯ, ನಗರ, ಕೌಂಟಿ ಎಲ್ಲಾ ತಮ್ಮ ವಾರ್ಷಿಕ ಲೆಕ್ಕದಲ್ಲಿ ತೆರಿಗೆ ರಿಯಾಯ್ತಿ ಕರಾರಿಂದ ಎಷ್ಟು ಆದಾಯ ಬಿಟ್ಕೊಟ್ವಿ ಅಂತ ಬರೀಬೇಕು. ಗುಡ್ ಜಾಬ್ಸ್ ಫಸ್ಟ್ ಅಂತ ಒಂದು ಸಂಸ್ಥೆ ಇದನ್ನೆಲ್ಲ ಕೂಡ್ಸಿ ಕಂಪನಿ ಹೆಸ್ರು ಹಾಕಿ ಹುಡುಕೋ ಥರ ಮಾಡಿದೆ.

ಸಂಡೂರಾಂವ
ನಮ್ಮಲ್ಲಿ ಜಾತಕ ಹುಡುಕಾಕ ಐದ್ ಆ್ಯಪ್ ಅದಾವ, ಇದಕ್ಕ ಒಂದೂ ಇಲ್ಲ.

ಸ್ಕೂಟರ್ ಸೀನ
ಆಯ್ತು, ಆರ್‌ಟಿಐ ಹಾಕ್ತೀನಿ. ಜೀವನದಲ್ಲಿ ಮೊದಲ್ನೇ ಸಲ. ಡ್ರಾಫ್ಟ್ ಮಾಡಿದೀನಿ ನೋಡಿ, ಶುರು ಹಿಂಗಿದೆ: "ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ, ನಾನು ಬೆಂಗಳೂರಿನ ಕಾಯಂ ನಿವಾಸಿಯಾಗಿದ್ದು, ನಿಯಮಿತವಾಗಿ ತೆರಿಗೆ ಪಾವತಿಸುತ್ತಾ ಬಂದಿರುವ ಜವಾಬ್ದಾರಿಯುತ ನಾಗರಿಕನಾಗಿರುತ್ತೇನೆ..."

ಪೀಣ್ಯ ಲೇತ್
ಅಯ್ಯೋ ನಿಲ್ಸಿ ನಿಲ್ಸಿ. ಕರ್ನಾಟಕದ ರೂಲ್ಸಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ನೀವು ಪ್ರಾರ್ಥಿಸ್ಕೊಳೋದ್ರಲ್ಲೇ ಮುಗ್ಸಿಬಿಟ್ರೆ ಪ್ರಶ್ನೆ ಎಲ್ಲಿ ಹಾಕ್ತೀರಾ? ನಾನು ಹತ್ತು ಅರ್ಜಿ ಹಾಕಿದೀನಿ, ಎರಡು ಇದೇ ಕಾರಣಕ್ಕೆ ವಾಪಸ್ ಬಂದಿದೆ. ಜವಾಬ್ದಾರಿಯುತ ನಾಗರಿಕ ಬೇಡ, ನೇರ ಕೇಳಿ. ಒಂದು ವರ್ಷ ಹಿಡ್ಕೊಳಿ, ಹತ್ತು ವರ್ಷದ್ದು ಕೇಳಿದ್ರೆ ಮಾಹಿತಿ ವಿಸ್ತಾರವಾಗಿದೆ ಅಂತ ಉತ್ತರ ಬರತ್ತೆ. ಆ ವರ್ಷ ಪ್ರೋತ್ಸಾಹಧನ ಪಡೆದ ದೊಡ್ಡ ಕಂಪನಿಗಳ ಹೆಸ್ರು, ಮೊತ್ತ, ಒಪ್ಕೊಂಡ ಉದ್ಯೋಗ ಸಂಖ್ಯೆ, ಇಲಾಖೆ ತಪಾಸಣೆ ಮಾಡಿದ ತಾರೀಖು, ಆವಾಗ ಸಿಕ್ಕ ಉದ್ಯೋಗ ಸಂಖ್ಯೆ. ಐದೇ ಸಾಲು.

ಗ್ರಾಮಸಭೆ ಗೌರಿ
ಪ್ರತಿ ಕೊಡಿ ಅಂತ ಬರೀರಿ, "ಏಕೆ" ಅಂತ ಎಲ್ಲೂ ಬರೀಬೇಡಿ. ಏಕೆ ಅಂದ್ರೆ ಅದು ಮಾಹಿತಿ ಅಲ್ಲ ಅಂತ ತಳ್ಳಾಕ್ತಾರೆ. ಆಫೀಸಲ್ಲಿರೋ ಕಾಗದ ಮಾತ್ರ ಕೇಳಿ.

ಹೊಸೂರ್ ರೋಡ್
ಆ ಲಿಸ್ಟಲ್ಲಿ ನಮ್ಮ ಕಂಪನಿ ಹೆಸ್ರೂ ಬರ್ಬೋದು, ನಮ್ಮವ್ರೂ ಸ್ಟ್ಯಾಂಪ್ ಡ್ಯೂಟಿ ವಿನಾಯ್ತಿ ತಗೊಂಡಿದ್ದಾರೆ. ಬಂದ್ರೆ ಬರ್ಲಿ, ನಮ್ಮ ತಲೆ ಎಣಿಕೆ ಸರಿ ಇದೆ. ಕಾಂಟ್ರಾಕ್ಟ್‌ನವ್ರನ್ನೂ ಸೇರಿಸಿದ್ರೆ.

ಸಂಡೂರಾಂವ
"ಸೇರಿಸಿದ್ರೆ" 😀 ಸೀನಣ್ಣ, ಖಾಯಂ ಮತ್ತ ಗುತ್ತಿಗಿ ಬ್ಯಾರೆ ಬ್ಯಾರೆ ಕೇಳ್ರಿ.

ಸ್ಕೂಟರ್ ಸೀನ
ಅಪ್‌ಡೇಟ್. ಖಾಯಂ/ಗುತ್ತಿಗೆ ಪ್ರತ್ಯೇಕ ಅಂತ ಸೇರ್ಸಿ, ಕೊನೆಗೆ 96 ಪದಕ್ಕೆ ಇಳ್ಸಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಸ್ಪೀಡ್ ಪೋಸ್ಟಲ್ಲಿ ಹಾಕಿ ಬಂದೆ. ಮೂವತ್ತು ದಿನ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ, ಬರ್ದೇ ಇದ್ರೆ ಮೇಲ್ಮನವಿ ಹೆಂಗೆ ಬರೆಯೋದು ಅಂತ ಕೇಳೋಕೆ ಬರ್ತೀನಿ.

ರಾಗಿಮುದ್ದೆ
ಪೋಸ್ಟ್ ಆಫೀಸಿಗೆ ಸ್ಕೂಟರಲ್ಲೇ ಹೋಗಿದ್ರಾ

ಸ್ಕೂಟರ್ ಸೀನ
ಹೂಂ. ವಾಪಸ್ ಬರೋವಾಗ 6 ಪರ್ಸೆಂಟ್ ಚಾರ್ಜ್ ಇತ್ತು.